ಎವೆಯಿಕ್ಕದ ಕಣ್ಣು

ಯಾರೋ ಕೆಮ್ಮಿದರು, ಮುಂದಿನ ಸಾಲಿನಿಂದಲೇ ಇರಬೇಕು, ತಡೆದುಕೊಳ್ಳಲು ಹೋಗಿ ಎರಡಾಗಿ ಸೀಳಿದ ಒಣ ಕೆಮ್ಮು, ಕೆಮ್ಮಲಿ, ಕೆಮ್ಮುವವರೆಲ್ಲ ಈಗಲೇ ಕೆಮ್ಮಿಕೊಳ್ಳಲಿ, ಅಷ್ಟು ಹೊತ್ತು ಕೃತಿಯ ಎರಡನೇ ಭಾಗ ಶುರುವಾಗುವುದಿಲ್ಲ ಎಂದುಕೊಂಡಳು ಅವಳು, ವಯೋಲಾವನ್ನು, ಪಿಟೀಲಿನ ದಪ್ಪ ದನಿಯ ಅಕ್ಕನನ್ನು, ತೊಡೆಯ ಮೇಲೆ ನಿಲ್ಲಿಸಿಕೊಂಡು, ಅಂಗೈ ಬೆವರನ್ನು ಕಪ್ಪು ಲಂಗಕ್ಕೆ ಒರೆಸುತ್ತ — ಒರೆಸಿದಷ್ಟೂ ಬೆವರು, ನಲ್ಲಿ ಬಿಟ್ಟ ಹಾಗೆ. ತನ್ನ ಬಗ್ಗೆ ಹೆದರಿಕೆಯಿಲ್ಲ, ತನ್ನ ಪಾಲಿನದನ್ನು ನಿದ್ದೆಯಲ್ಲಿ ಎಬ್ಬಿಸಿದರೂ ನುಡಿಸಿಯಾಳು, ವಯೋಲಾ ತಪ್ಪಿದ್ರೆ ವಯೋಲಾದವಳಿಗೂ ಗೊತ್ತಾಗಲ್ಲ ಬಿಡು ಅಂತ ಆನೆ ಕಿಚಾಯಿಸುತ್ತಾನೆ, ಮಂಡಿಗಳ ನಡುವೆ ಆಳೆತ್ತರದ ಚೆಲ್ಲೊ ಹಿಡಿದು ನುಡಿಸುವ ದಢೂತಿ, ಅದಕ್ಕೇ ಆನೆ, ಕುರ್ಚಿ ಕಿರುಗುಟ್ಟದಂತೆ ಉಸಿರು ಬಿಗಿಹಿಡಿದು ಕೂತಿದ್ದಾನೆ ಪಾಪ. ಹೆದರಿಕೆಯೆಲ್ಲ ಎದುರಿಗೆ ಕೂತವಳ ಬಗ್ಗೆ. ಮೊದಲ ಪಿಟೀಲಿನ ಚಿನಕುರಳಿ, ಇದು ಪರೀಕ್ಷೆಯ ಕಛೇರಿಯಲ್ಲ ಮದುವೆಮನೆ ಅನ್ನುವಂತೆ ಕೂತಿದ್ದಾಳೆ, ಕಮಾನಿನ ತುದಿಯಿಂದ ಕೂದಲು ಸರಿಸಿ ಇತ್ತ ನೋಡಿ ಸದ್ದಿಲ್ಲದೆ ತುಟಿಯಾಡಿಸಿದಳು, ಅಜ್ಜೀ, ಸ್ವಲ್ಪ ನಗೇ. ಎಲ್ಲದಕ್ಕೂ ಕಳವಳಪಡುತ್ತಾಳೆಂದು ಅವಳಿಗೆ ಆ ಹೆಸರು ಇಟ್ಟದ್ದೇ ಚಿನಕುರಳಿ, ಸೇರಿದ ಮೊದಲ ವಾರವೇ. ನಕ್ಕಳು, ನಗು ತುಟಿಯಲ್ಲೇ ಒಣಗಿಹೋಯಿತು. ಇವತ್ತೊಂದು ದಿನ ಆಗದಿರಲಿ, ಇವತ್ತೊಂದು ದಿನ.

ನೆಲಮಾಳಿಗೆಯ ಅಭ್ಯಾಸದ ಕೋಣೆಯಲ್ಲಿ ಮೊದಲ ಸಲ ಆದಾಗ ನಾಟಕ ಅಂದುಕೊಂಡಿದ್ದಳು, ಮನೆ ಓನರಮ್ಮನ ಬೆಕ್ಕಿನ ಕಥೆ ಹೇಳುತ್ತಿದ್ದಳು ಚಿನಕುರಳಿ, ಆ ಬೆಕ್ಕು ಏನ್ ಮಾಡ್ತು ಗೊತ್ತಾ, ಸೀದಾ ಬಂದು — ಅಷ್ಟೇ, ಮಾತು ಅಲ್ಲಿಗೇ ಕತ್ತರಿಸಿದ ಹಾಗೆ, ಬೆರಳುಗಳು ಮಾತ್ರ ಅಂಗಿಯ ಗುಂಡಿಯನ್ನು ಚಿವುಟುತ್ತಿದ್ದವು, ಏ ಸಾಕು ಕಣೇ, ಅಂದಳು ಇವಳು, ಮುಖದ ಮುಂದೆ ಕೈಯಾಡಿಸಿದಳು, ಗೋಡೆಯ ಮುಂದೆ ಕೈಯಾಡಿಸಿದಂತೆ, ಮೇಲಿನ ಪೈಪಿನಲ್ಲಿ ನೀರು ಹರಿಯುವ ಸದ್ದು, ಆಮೇಲೆ — ಸೀದಾ ಬಂದು ನನ್ ದಿಂಬಿನ ಮೇಲೇ ಮಲಕ್ಕೊಳ್ಳೋದಾ, ಏನ್ ಹಂಗೆ ನೋಡ್ತಿದೀಯ, ದೆವ್ವ ಕಂಡೋರ್ ಥರ? ನಾಟಕವಲ್ಲ ಇದು ಎಂದು ಆಗಲೇ ಗೊತ್ತಾಗಿತ್ತು. ಇನ್ನೊಮ್ಮೆ ಕಾರಿಡಾರಿನಲ್ಲಿ, ಮತ್ತೊಮ್ಮೆ ಮೆಟ್ಟಿಲ ಮೇಲೆ, ಒಂದು ಕಾಲು ಕೆಳಗಿಟ್ಟು ಒಂದು ಮೇಲಿಟ್ಟು, ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟಾಗ ಚಿನಕುರಳಿ ಮೊದಲು ನಕ್ಕಳು, ಆಮೇಲೆ ಮುಖ ಸುಣ್ಣದ ಹಾಗಾಯಿತು. ನಂಗೂ ಗೊತ್ತು ಕಣೇ, ಹಾಲು ಉಕ್ಕಿ ಒಲೆಯೆಲ್ಲಾ ಆಗಿರುತ್ತೆ, ನಾನು ಪಕ್ಕದಲ್ಲೇ ನಿಂತಿರ್ತೀನಿ. ಡಾಕ್ಟರ್ ಹತ್ರ ಹೋಗೋಣ ಬಾ, ನಾನೂ ಬರ್ತೀನಿ, ಅಂದಳು ಇವಳು. ಪರೀಕ್ಷೆ ಮುಗೀಲಿ. ಅಲ್ಲೀವರೆಗೂ ಗಾಡಿ ಓಡಿಸ್ಬೇಡ ಕಣೇ. ಆಯ್ತು ಮಾರಾಯ್ತಿ, ಅಮ್ಮಂಗೆ ಮಾತ್ರ ಹೇಳ್ಬೇಡ, ನಮ್ ಸೋದರತ್ತೆಗೆ ಹಿಂಗೇ ಇತ್ತು, ಅವಳನ್ನ ಒಂದು ರೂಮಲ್ಲಿ ಕೂರಿಸಿಬಿಟ್ರು, ಬೆಂಕಿ ಹತ್ರ ಹೋಗ್ಬೇಡ ಬಾವಿ ಹತ್ರ ಹೋಗ್ಬೇಡ ಅಂತ, ಕಿಟಕೀಲಿ ಕೂತು ಕೂತೇ ಮುದುಕಿ ಆದ್ಳು, ನೀನು ಹೇಳಿದ್ರೆ ನಿನ್ನ ಪಾಲಿಗೆ ನಾನು ಸತ್ತಂಗೆ, ಗೊತ್ತಾಯ್ತಾ? ಗೊತ್ತಾಯಿತು ಅಂದಿದ್ದಳು. ಈಗ ವೇದಿಕೆಯ ಮೇಲೆ ಚಿನಕುರಳಿ ಪಿಟೀಲನ್ನು ಗಲ್ಲಕ್ಕೆ ಒತ್ತಿಕೊಂಡಳು, ಮೂಗಿನಿಂದ ಉಸಿರೆಳೆದಳು, ಆ ಉಸಿರೇ ಸನ್ನೆ, ನಾಲ್ವರೂ ಒಟ್ಟಿಗೆ ಹೊರಟರು.

ಎಷ್ಟು ನಿಧಾನ ಈ ಭಾಗ, ಬರೆದವನಿಗೆ ದಯೆಯಿಲ್ಲ, ಮೊದಲ ಪಿಟೀಲಿನದು ಒಂದೇ ಉದ್ದದ ಎಳೆ, ಉಳಿದವರು ಕೆಳಗೆ ಸುಮ್ಮನೆ ತೊಟ್ಟಿಲು ತೂಗಿದಂತೆ ತೂಗುತ್ತಿರಬೇಕು, ಅವಳು ಹಾಳೆ ನೋಡುತ್ತಿಲ್ಲ, ಚಿನಕುರಳಿಯ ಕಣ್ಣನ್ನೇ ನೋಡುತ್ತಿದ್ದಾಳೆ, ಮಿಟುಕಿತು, ಮತ್ತೆ ಮಿಟುಕಿತು, ಚೆನ್ನಾಗಿದೆ, ಎಷ್ಟು ಚೆನ್ನಾಗಿ ನುಡಿಸುತ್ತಾಳೆ ಹಾಳಾದವಳು, ಕೆಮ್ಮುವವರೂ ಮರೆತಿದ್ದಾರೆ ಕೆಮ್ಮಲು, ಮಿಟುಕಿತು, ಎರಡನೇ ಸಾಲಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ, ಅವರ ಹಿಂದೆ ಚಿನಕುರಳಿಯ ಅಮ್ಮ, ಮಂಡಿನೋವಿನ ಅಮ್ಮ, ಕಾಲು ನೀಡಲು ಜಾಗವಿಲ್ಲದೆ ಓರೆಯಾಗಿ ಕೂತವರು, ಮಗಳನ್ನು ನೋಡುವುದರಲ್ಲಿ ಬಾಯಿ ಅರ್ಧ ತೆರೆದಿದೆ, ಇನ್ನು ಎತ್ತರದ ಸ್ವರ, ಅಲ್ಲಿಂದ ಇಳಿಜಾರು, ಅಲ್ಲಿಗೆ ತಲುಪಿಬಿಟ್ಟರೆ — ಕಮಾನು ನಿಂತಿತು. ತಂತಿಯಿಂದ ಒಂದು ಬೆರಳಿನಷ್ಟು ಮೇಲೆ, ಗಾಳಿಯಲ್ಲಿ. ಕಣ್ಣು ತೆರೆದೇ ಇದೆ. ಅವಳ ಕಡೆಗೇ ತಿರುಗಿದೆ, ಅವಳನ್ನು ನೋಡುತ್ತಿಲ್ಲ, ಎವೆಯಿಕ್ಕದ ಕಣ್ಣು, ದೀಪ ಹಚ್ಚಿಟ್ಟು ಎಲ್ಲರೂ ಬಿಟ್ಟುಹೋದ ಮನೆ. ತೊಟ್ಟಿಲು ತೂಗುತ್ತಲೇ ಇದೆ, ಆನೆ ಗಾಬರಿಯಿಂದ ತಲೆಯೆತ್ತಿದ, ಎರಡನೇ ಪಿಟೀಲಿನ ಮೌನಿ ತಲೆಯೆತ್ತಲಿಲ್ಲ, ತಾವೂ ನಿಂತರೆ ಎಲ್ಲರೂ ಚಿನಕುರಳಿಯ ಕಡೆ ನೋಡುತ್ತಾರೆ, ಅಮ್ಮ ನೋಡುತ್ತಾರೆ, ನಿಲ್ಲಬಾರದು, ತನ್ನದೇ ಬೆರಳು ಎಲ್ಲಿಂದಲೋ ಆ ಎಳೆಯನ್ನು ಹುಡುಕಿ ಹಿಡಿಯಿತು, ದಿನಾ ಕೇಳಿ ಕೇಳಿ ಮೈಗೆ ಹತ್ತಿದ ಎಳೆ, ವಯೋಲಾದ ದಪ್ಪ ಗಂಟಲಿನಲ್ಲಿ, ಕೆಳಗಿನ ಸ್ಥಾಯಿಯಲ್ಲಿ, ತಪ್ಪೋ ಸರಿಯೋ, ಬಾ, ಬಾರೇ, ಎಲ್ಲಿ ಹೋದೆಯೇ, ಇಳಿಜಾರು ಅರ್ಧ ಇಳಿದಾಯಿತು, ಕಣ್ಣು ಹಾಗೇ ಇದೆ, ಇನ್ನೊಂದು ಉಸಿರು, ಇನ್ನೊಂದು, ಬಾರದೇ ಹೋದರೆ — ಮಿಟುಕಿತು. ಚಿನಕುರಳಿ ಹುಬ್ಬು ಗಂಟಿಕ್ಕಿದಳು, ನನ್ನದನ್ನ ನೀನ್ಯಾಕೆ ನುಡಿಸ್ತಿದೀಯ ಅನ್ನುವಂತೆ, ಒಂದೆರಡು ಸ್ವರ ತಡವರಿಸಿ, ಕಿವಿಯಿಂದಲೇ ಜಾಗ ಹಿಡಿದು, ಮೇಲೆ ಬಂದು ಸೇರಿಕೊಂಡಳು.

ಆಮೇಲಿನದೆಲ್ಲ ನುಡಿಸಿದ್ದು ಅವಳ ಕೈ, ಅವಳಲ್ಲ, ಚಪ್ಪಾಳೆ ಬಿತ್ತು, ಬಾಗಿದರು, ಪರದೆಯ ಹಿಂದೆ ಮೇಷ್ಟ್ರು ಬಂದು ಚಿನಕುರಳಿಯ ಬೆನ್ನು ತಟ್ಟಿದರು, ಸಾಲು ತಪ್ಪೋದು ಎಲ್ಲರಿಗೂ ಆಗುತ್ತಮ್ಮ, ಸಾವರಿಸ್ಕೊಂಡ್ರಲ್ಲ, ಅದು ಮುಖ್ಯ. ಮುಗಿಯಿತು, ಹೆಸರೂ ಸಿಕ್ಕಿತು ಅದಕ್ಕೆ, ಸಾಲು ತಪ್ಪಿದ್ದು, ಇನ್ನು ಯಾರೂ ಕೇಳುವುದಿಲ್ಲ, ಗೊತ್ತಿರುವವಳು ತಾನೊಬ್ಬಳೇ. ಚಿನಕುರಳಿ ಪೆಟ್ಟಿಗೆ ಮುಚ್ಚುತ್ತ ಕಿವಿಯಲ್ಲಿ ಕೇಳಿದಳು, ತುಂಬಾ ಹೊತ್ತು ಆಯ್ತಾ? ತುಂಬಾ ಅಂದಳು. ಯಾರಿಗೂ ಗೊತ್ತಾಗ್ಲಿಲ್ಲ ತಾನೇ? ಅವಳು ವಯೋಲಾದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಹೊರಟಳು. ಹಿಂದಿನ ಅಂಗಳದಲ್ಲಿ ಸಾಯಂಕಾಲದ ಬಿಸಿಲು ಸಾಲು ಗಾಡಿಗಳ ಕನ್ನಡಿಗಳಲ್ಲಿ ಕಣ್ಣು ಚುಚ್ಚುತ್ತಿತ್ತು, ಆಚೆ ಗೇಟು, ಗೇಟಿನಾಚೆ ಲಾರಿಗಳ ರಸ್ತೆ, ಅಮ್ಮ ಕುಂಟುತ್ತ ಬಂದರು, ಎರಡೂ ಕೈಯಿಂದ ಅವಳ ಕೆನ್ನೆ ಹಿಡಿದು, ಎಷ್ಟು ಚೆನ್ನಾಗಿ ನುಡಿಸಿದ್ರಿ ಕಂದ, ನಂಗೇನೂ ತಿಳಿಯಲ್ಲ, ಆದ್ರೂ ಅಳು ಬಂದ್ಬಿಡ್ತು, ಅಂದರು, ಅಮ್ಮನ ಮೊಣಕೈಗೆ ನೇತುಬಿದ್ದ ಹೆಲ್ಮೆಟ್ಟು. ಹೆಲ್ಮೆಟ್ಟು ಯಾಕೆ. ಬಸ್ಸಲ್ಲಿ ನಿಂತು ನಿಂತು ಕಾಲು ಬಿದ್ದೋಯ್ತು, ಇವಳೇ ಬಿಡ್ತಾಳಂತೆ ಮನೇವರೆಗೂ. ಚಿನಕುರಳಿ ಆಗಲೇ ಸ್ಕೂಟರಿನ ಮೇಲೆ, ಬೆನ್ನಿಗೆ ಪಿಟೀಲು, ಕೀಲಿ ತಿರುಗಿಸುತ್ತ, ಅವಳ ಕಡೆ ನೋಡದೆಯೇ, ನಿಧಾನಕ್ಕೆ ಹೋಗ್ತೀನಿ ಅಜ್ಜಿ, ಹೆದರ್ಬೇಡ, ಅಂದಳು. ನಿಧಾನಕ್ಕೆ. ಸೇತುವೆಯ ತಿರುವು, ಎದುರಿಗೆ ಲಾರಿ, ಹ್ಯಾಂಡಲಿನ ಮೇಲೆ ಕೈ, ತೆರೆದೇ ಇರುವ ಕಣ್ಣು, ಹಿಂದೆ ಕೂತ ಅಮ್ಮ ಮಗಳ ಬೆನ್ನಿಗೆ ಏನೋ ಮಾತಾಡುತ್ತಿರುತ್ತಾರೆ, ಅಲ್ಲಿ ಎಳೆ ಹಿಡಿಯಲು ಯಾರಿದ್ದಾರೆ, ಯಾರೂ ಇಲ್ಲ, ಅಮ್ಮ ಪಟ್ಟಿ ಬಿಗಿದುಕೊಂಡರು, ನೋವಿನ ಕಾಲನ್ನು ಕೈಯಿಂದ ಎತ್ತಿ ಆಚೆ ಹಾಕಲು ಹೊರಟರು, ಹೇಳು, ಹೇಳಿದರೆ ನಿನ್ನ ಪಾಲಿಗೆ ನಾನು ಸತ್ತಂಗೆ, ಹೇಳದಿದ್ದರೆ — ಆಂಟೀ, ಅವಳ ಹಿಂದೆ ಕೂರಬೇಡಿ.

ತನ್ನದೇ ದನಿ, ಇಷ್ಟು ದೊಡ್ಡದಾಗಿ. ಯಾಕಮ್ಮಾ, ಏನಾಯ್ತು? ಅವಳಿಗೆ ಆಗಾಗ ಎಚ್ಚರ ತಪ್ಪುತ್ತೆ ಆಂಟಿ, ಕಣ್ಣು ಬಿಟ್ಕೊಂಡೇ, ಇವತ್ತು ಸ್ಟೇಜ್ ಮೇಲೂ ತಪ್ತು, ಸಾಲು ತಪ್ಪಿದ್ದಲ್ಲ ಅದು. ಅಮ್ಮ ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟರು. ಮಗಳನ್ನು ನೋಡಿದರು, ಅತ್ತೆ ಥರಾನಾ, ಅಂದರು, ಬೈಗುಳವಲ್ಲ, ಕೂಗೂ ಅಲ್ಲ, ಬರೀ ಗಾಳಿ, ಉತ್ತರಕ್ಕೂ ಕಾಯದೆ ಕೈ ಚಾಚಿ ಕೀಲಿಯನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡರು, ಎಂಜಿನ್ನು ಸತ್ತಿತು. ಬದುಕಿದರು, ಇಬ್ಬರೂ ಬದುಕಿದರು, ಎದೆ ಹಗುರಾಗಬೇಕಿತ್ತು, ಆಗಲಿಲ್ಲ, ಆ ಅತ್ತೆಯ ಕಿಟಕಿಗೆ ಎಷ್ಟು ಸರಳುಗಳಿದ್ದವೋ, ಏನಾದರೂ ಅನ್ನೇ, ಬೈಯೇ, ನಾನು ಬರ್ತೀನಿ ಡಾಕ್ಟರ್ ಹತ್ರ, ಮಾತ್ರೆ ಇದೆಯಂತೆ, ವಾಸಿ ಆಗುತ್ತಂತೆ, ಕೇಳ್ತಿದೀಯಾ — ಚಿನಕುರಳಿ ನಿಂತ ಗಾಡಿಯ ಮೇಲೆ ಕೂತೇ ಇದ್ದಾಳೆ, ಎರಡೂ ಕೈ ಹ್ಯಾಂಡಲಿನ ಮೇಲೆ, ಕಣ್ಣು ಅವಳ ಕಡೆಗೇ ತಿರುಗಿದೆ, ಈ ಸಲ ಮನೆಯೊಳಗೆ ಜನ ಇದ್ದಾರೆ, ಈ ಸಲ ಎಲ್ಲವನ್ನೂ ನೋಡುತ್ತಿದೆ, ಅವಳನ್ನೇ ನೋಡುತ್ತಿದೆ, ಮಿಟುಕು, ಒಂದು ಸಲ ಮಿಟುಕೇ, ಮಿಟುಕುತ್ತಿಲ್ಲ, ಕಣ್ಣು, ಎವೆಯಿಕ್ಕದ ಕಣ್ಣು