ಬಿಸಿ ನಿಲ್ಲದ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಒಂದೇ ಹಾಸಿಗೆಯಲ್ಲಿ ಪಾಳಿಯ ಮೇಲೆ ಮಲಗುವ ಗಂಡ ಹೆಂಡತಿಗೆ ಮಾತ್ರ ಏನೂ ಹೇಳದೆ ಹೋದರು, ಪುಣ್ಯಾತ್ಮರು.

ಅವಳು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಅವನು ಬೇಕರಿಯಲ್ಲಿ ಹಿಟ್ಟು ನಾದುವವನು. ಬೆಳಗ್ಗೆ ಅವಳು ಬರುವಷ್ಟರಲ್ಲಿ ಅವನು ಹೊರಟಿರುತ್ತಿದ್ದ. ಸಂಜೆ ಅವನು ಬರುವಷ್ಟರಲ್ಲಿ ಇವಳು. ಅವಳ ರಜೆಯ ದಿನ ಮಾತ್ರ ಇಬ್ಬರೂ ಒಟ್ಟಿಗೆ, ಆಗಲೂ ಅವನು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಆದರೆ ಅವಳಿಗೊಂದು ಗುಟ್ಟಿನ ಸುಖವಿತ್ತು. ಕೆಲಸದಿಂದ ಬಂದವಳೇ ತನ್ನ ಜಾಗ ಬಿಟ್ಟು ಅವನ ಜಾಗದಲ್ಲಿ ಮಲಗುತ್ತಿದ್ದಳು. ಹಳೆಯ ಹತ್ತಿ ಹಾಸಿಗೆಯಲ್ಲಿ ಅವನ ಮೈಯಳತೆಯ ತಗ್ಗು, ಅದರಲ್ಲಿ ಇನ್ನೂ ಆರದ ಬಿಸಿ. ಅಷ್ಟೇ ಅವಳ ಸಂಸಾರ. ಅವನಿಗೆ ಹೇಳಿರಲಿಲ್ಲ; ಹೇಳಲು ನಾಚಿಕೆ.

ಆ ತಗ್ಗಿನಿಂದಲೇ ಅವನ ಸೊಂಟ ಹಿಡಿದುಕೊಂಡಿತು.

"ಬಗ್ಗೋಕೇ ಆಗ್ತಿಲ್ಲ ಕಣೇ," ಎಂದ ಫೋನಿನಲ್ಲಿ. "ಮೆಮೊರಿ ಫೋಮ್ ಹಾಸಿಗೆ ಅಂತ ಬಂದಿದೆಯಲ್ಲ, ಹೋಗಿ ನೋಡು."

ಅಂಗಡಿಯವನು ಬಾಯಿ ತೆರೆದರೆ ಮುಚ್ಚುವ ಆಸಾಮಿಯಲ್ಲ. "ನೋಡಿ ಮೇಡಂ, ಕೈ ಒತ್ತಿದ್ರೆ ಗುರುತು, ತೆಗೆದ್ರೆ ಮಾಯ. ಎಷ್ಟು ವರ್ಷ ಮಲಗಿದ್ರೂ ತಗ್ಗು ಬೀಳಲ್ಲ. ಒಳಗೆ ಗಟ್ಟಿ ಪದರ, ಸೊಂಟಕ್ಕೆ ಆಧಾರ. ಮೇಲೆ ತಂಪಿನ ಪದರ, ಎದ್ದ ಕೂಡ್ಲೇ ಬಿಸಿ ಹೋಗುತ್ತೆ."

"ಬಿಸಿ ನಿಲ್ಲೋದು ಯಾವುದಿದೆ?"

ಅವನು ಪಿಳಿಪಿಳಿ ನೋಡಿದ. "ಎಲ್ಲರೂ ಬಿಸಿ ಬೇಡ ಅಂತಾರೆ, ನೀವೊಬ್ರು! ಆ ಮೂಲೇದು ಬಿಸಿ ಹಿಡಿಯುತ್ತೆ. ಆದ್ರೆ ಮೆತ್ತಗೆ. ಸೊಂಟ ನೋವಿರೋರಿಗೆ ಆಗಲ್ಲ."

ಮೂಲೆಯದರ ಮೇಲೆ ಮಲಗಿ ನೋಡಿದಳು. ಅದು ಮೆಲ್ಲಗೆ ಅವಳನ್ನು ಒಳಗೆ ಎಳೆದುಕೊಂಡಿತು. ಏಳಲು ಮನಸ್ಸೇ ಬರಲಿಲ್ಲ. ಆದರೆ ಗೋಡೆ ಹಿಡಿದು ಚಪ್ಪಲಿ ಮೆಟ್ಟುವ ಗಂಡ ಕಣ್ಣ ಮುಂದೆ ಬಂದ. ಎದ್ದು, ಗಟ್ಟಿಯದನ್ನೇ ಕೊಡಿ ಎಂದಳು.

ಮರುವಾರ ಕೆಲಸದಿಂದ ಬಂದು ಅವನ ಜಾಗದಲ್ಲಿ ಕೈಯಿಟ್ಟಳು. ಮಟ್ಟಸ. ತಣ್ಣಗೆ. ಅವನು ಮನೆಗೇ ಬಂದಿರಲಿಲ್ಲವೇನೋ ಅನ್ನಿಸಿತು. ಅಳು ಬಂತು, ಅತ್ತಳು. ಒಂದು ಹಾಸಿಗೆಗೆ ಅಳುತ್ತಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಂಡು ತನ್ನ ಜಾಗದಲ್ಲಿ ಮುದುಡಿದಳು.

ಮಧ್ಯಾಹ್ನ ಅವನ ಫೋನು. "ಸೊಂಟ ಹಗುರಾಗಿದೆ ಕಣೇ. ನಿನಗೆ ನಿದ್ದೆ ಬಂತಾ?"

"ಚೆನ್ನಾಗಿ ಬಂತು," ಎಂದು ಸುಳ್ಳು ಹೇಳಿದಳು. ಅಂದಿನಿಂದ ಅವನ ಜಾಗದ ಕಡೆ ಹೊರಳಲೇ ಇಲ್ಲ.

ಕೆಲವು ದಿನ ಕಳೆದು, ಬೆಳಗ್ಗೆ ಬಂದು ನೋಡಿದರೆ ಅವನ ಜಾಗದಲ್ಲಿ ಹೊದಿಕೆ ಉಬ್ಬಿತ್ತು. ಸರಿಸಿದಳು. ಬಿಸಿನೀರಿನ ರಬ್ಬರ್ ಚೀಲ. ಇನ್ನೂ ಬೆಚ್ಚಗಿತ್ತು.

"ಇದೇನ್ರೀ?" ಎಂದಳು ಫೋನು ಮಾಡಿ.

ಆ ಕಡೆ ಹಿಟ್ಟಿನ ಯಂತ್ರದ ಸದ್ದು. "ಹೊರಡೋವಾಗ ಇಟ್ಟೆ."

"ನಿಮಗೆ ಹೇಗೆ ಗೊತ್ತಾಯ್ತು?"

"ನನ್ನ ದಿಂಬಿನ ಮೇಲೆ ದಿನಾ ನಿನ್ನ ಕೂದಲು ಸಿಗ್ತಿತ್ತು. ಈ ಹಾಸಿಗೆ ಬಂದ ಮೇಲೆ ಸಿಗ್ತಿಲ್ಲ. ಇದು ಎದ್ದ ಕೂಡ್ಲೇ ತಣ್ಣಗಾಗುತ್ತಲ್ಲ."

ಅವನನ್ನು ಯಾರೋ ಕೂಗಿದರು; ಫೋನು ಇಟ್ಟ.

ಸಂಜೆ ಹೊರಡುವ ಮುಂಚೆ ನೀರು ಕುದಿಸಿ, ಚೀಲ ತುಂಬಿ, ಈ ಸಲ ತನ್ನ ಜಾಗದಲ್ಲಿಟ್ಟಳು. ಅವನು ಬಂದು ಊಟ ಮುಗಿಸಿ ಮಲಗುವ ಹೊತ್ತಿಗೆ ಅದು ಆರಿರುತ್ತದೆಂದು ನರ್ಸಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಟ್ಟಿದ್ದ ಸ್ವೆಟರನ್ನು ಬಿಚ್ಚಿ ಚೀಲಕ್ಕೆ ಸುತ್ತಿದಳು. ಚಳಿಯಲ್ಲೇ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೊರಟಳು.