ಹೊಲಿಗೆಜ್ಜಿ, ಹಡಗಜ್ಜಿ

ಚಳಿ ಬಿಟ್ಟಿತ್ತು, ಸೆಖೆ ಇನ್ನೂ ಕಾಲಿಟ್ಟಿರಲಿಲ್ಲ. ಅಂಥದೊಂದು ಭಾನುವಾರ, ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಹಾಲ್‌ನ ಸೋಫಾ, ಕುರ್ಚಿ, ಟೀಪಾಯಿ ಎಲ್ಲ ಗೋಡೆ ಸೇರಿದ್ದವು. ಬರಿದಾದ ನೆಲದ ನಡುವೆ ಹೆಡ್‌ಮೇಡಂ ಕೈಯಲ್ಲೊಂದು ಪಟ್ಟಿ ಹಿಡಿದು ನಿಂತಿದ್ದರು.

"ಬೀಗತಿಯವರೇ, ನಿಮ್ಮ ಟೇಪ್ ತಗೊಂಡು ಬನ್ನಿ. ಸೀಮೆಸುಣ್ಣಾನೂ ಇರ್ಲಿ."

ಹಿಂದಿನ ಕೋಣೆಯಲ್ಲಿ ಮೆಷಿನ್ ಮುಂದೆ ಕೂತಿದ್ದ ಅಜ್ಜಿ ಕೊರಳಲ್ಲಿ ಟೇಪ್ ಹಾಕಿಕೊಂಡೇ ಎದ್ದು ಬಂದಳು. ಮಗಳಿಗೆ ಅವಳಿ ಮಕ್ಕಳು ಹುಟ್ಟಿದಾಗ, ಎರಡು ತಿಂಗಳಿದ್ದು ಹೋಗುತ್ತೇನೆಂದು ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಸಮೇತ ಬಂದವಳು ಅವಳು. ಹತ್ತು ತಿಂಗಳಾಗಿತ್ತು, ಹೋಗುವ ಮಾತನ್ನು ಅವಳೂ ಎತ್ತಿರಲಿಲ್ಲ, ಮಗಳೂ ಎತ್ತಿರಲಿಲ್ಲ. ಹೆಡ್‌ಮೇಡಂ ಅಳಿಯನ ತಾಯಿ. ಎರಡು ಬೀದಿ ಆಚೆ ಅವರ ಮನೆ. ಮೂವತ್ತೈದು ವರ್ಷ ಶಾಲೆಯಲ್ಲಿ ದುಡಿದು ಹೋದ ತಿಂಗಳಷ್ಟೇ ನಿವೃತ್ತರಾಗಿದ್ದರು. ಆ ಖುಷಿಗೆ ಮಗನ ಸಂಸಾರವನ್ನೆಲ್ಲ ಏಳು ದಿನ ಹಡಗಿನಲ್ಲಿ ಸುತ್ತಾಡಿಸಿಕೊಂಡು ಬರುವುದೆಂದು ನಿರ್ಧಾರವಾಗಿತ್ತು. ಮೂರು ವರ್ಷದ ಪುಟ್ಟಿ ಸುದ್ದಿ ಕೇಳಿದ ದಿನವೇ ಇಬ್ಬರಿಗೂ ಹೆಸರಿಟ್ಟುಬಿಟ್ಟಿದ್ದಳು. ಒಬ್ಬರು ಹೊಲಿಗೆಜ್ಜಿ, ಇನ್ನೊಬ್ಬರು ಹಡಗಜ್ಜಿ. ಹಡಗಿನ ಮಾತು ಬರುವ ಮುಂಚೆ ಇಬ್ಬರೂ ಬರೀ ಅಜ್ಜಿಯರಾಗಿದ್ದರು.

"ನಮ್ಮ ಕೋಣೆ ಹದಿನೆಂಟು ಅಡಿ ಉದ್ದ, ಒಂಬತ್ತು ಅಡಿ ಅಗಲ," ಎಂದರು ಹೆಡ್‌ಮೇಡಂ. "ಅಷ್ಟು ಜಾಗದಲ್ಲಿ ಮೂರೂ ಮಕ್ಕಳನ್ನ ಒಂದು ಮಧ್ಯಾಹ್ನ ಮಲಗಿಸಿ ನೋಡೋಣ. ಅಲ್ಲಿ ಹೋಗಿ ಬಾಯಿ ಬಾಯಿ ಬಡ್ಕೊಳ್ಳೋದು ಬೇಡ."

"ಹಾಜರಿ ಪುಸ್ತಕ ತಂದಿದ್ದೀಯೇನಮ್ಮ?" ಎಂದ ಅಳಿಯ.

"ತಂದಿದ್ರೆ ನಿನಗೇ ಮೊದಲು ಗೈರುಹಾಜರಿ ಹಾಕ್ತಿದ್ದೆ. ಹಿಡ್ಕೋ ಆ ಕಡೆ ಟೇಪ್."

ಅಜ್ಜಿ ಮಂಡಿಯೂರಿ ಗೆರೆ ಎಳೆದಳು. ಬಟ್ಟೆಯ ಮೇಲೆ ಎಳೆದಷ್ಟೇ ನೇರವಾಗಿ ಬಂತು. ಇಲ್ಲಿ ಬಾಗಿಲು, ಇಲ್ಲಿ ಬಚ್ಚಲು, ಇಲ್ಲಿ ಅವಳಿಗಳ ತೊಟ್ಟಿಲುಗಳು. ನಾಲ್ಕು ಮಂಚ. ಒಂದು ಮಗಳು ಮತ್ತು ಪುಟ್ಟಿಗೆ, ಒಂದು ಅಳಿಯನಿಗೆ, ಒಂದು ಹೆಡ್‌ಮೇಡಂಗೆ. ನಾಲ್ಕನೆಯದನ್ನು ಎಳೆದು ಮುಗಿಸುವಾಗ ಪುಟ್ಟಿ ಅದರೊಳಗೆ ಬಂದು ನಿಂತು ಕೇಳಿದಳು, "ಇದು ಯಾರ್ದು?"

"ನನ್ನ ತಂಗಿದು ಕಣೇ. ಚಿಕ್ಕಜ್ಜಿ ಬರ್ತಾರಲ್ಲ ನಮ್ಮ ಜೊತೆ," ಎಂದರು ಹೆಡ್‌ಮೇಡಂ, ಪಟ್ಟಿಯಿಂದ ಕಣ್ಣೆತ್ತದೆ.

ಅಜ್ಜಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಎಳೆದ ಗೆರೆಯ ಮೇಲೇ ಇನ್ನೊಂದು ಸಲ ಸುಣ್ಣ ಒತ್ತಿ ಎಳೆದಳು.

ಹದಿನೈದು ದಿನದಿಂದ ಹೀಗೇ ನಡೆದಿತ್ತು. ಹೋಗುವವರ ಸಾಮಾನೆಲ್ಲ ಅವಳ ಸೂಜಿಯ ಕೆಳಗೇ ಹಾದು ಹೋಗುತ್ತಿತ್ತು. ಪುಟ್ಟಿ ಹಡಗಿನ ಅಂಚಿಗೆ ಓಡದಂತೆ ಸೊಂಟಕ್ಕೆ ಕಟ್ಟುವ ಪಟ್ಟಿ, ಅವಳಿಗಳಿಗೆ ಕಿವಿ ಮುಚ್ಚುವ ಟೋಪಿ, ಒದ್ದೆ ಬಟ್ಟೆಗೊಂದು ಚೀಲ, ಒಣ ಬಟ್ಟೆಗೊಂದು ಚೀಲ. ಹೊಲಿಯುವುದಕ್ಕೆ ಬೇಸರವಿರಲಿಲ್ಲ. ಹೊಲಿದದ್ದನ್ನು ಪುಟ್ಟಿ ಸೀದಾ ಹಡಗಜ್ಜಿಯ ಬಳಿ ಒಯ್ದು "ನೋಡಿ ನೋಡಿ" ಎಂದು ತೋರಿಸಿದಾಗ ಮಾತ್ರ, ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಹೆಡ್‌ಮೇಡಂ ಬಂದರೆ ಮಗು ಚಪ್ಪಲಿಯ ಸದ್ದಿಗೇ ಬಾಗಿಲಿಗೆ ಓಡುತ್ತಿತ್ತು. ತಾನು ದಿನವಿಡೀ ಮನೆಯಲ್ಲೇ ಇರುವವಳು, ತನ್ನ ಕಡೆಗೆ ಯಾರಾದರೂ ಓಡಿ ಬರುವುದಾದರೂ ಎಲ್ಲಿಂದ?

ಆದರೆ ಚಿಕ್ಕಣ್ಣ ತನ್ನವನು. ಅವಳಿಗಳಲ್ಲಿ ಹತ್ತು ನಿಮಿಷ ಮೊದಲು ಬಂದವನನ್ನು ಎಲ್ಲರೂ ದೊಡ್ಡಣ್ಣ ಎಂದರು, ಆಮೇಲೆ ಬಂದವನು ಚಿಕ್ಕಣ್ಣನಾದ. ದೊಡ್ಡಣ್ಣ ಚೀಲದ ಹಾಗೆ, ಇಟ್ಟಲ್ಲಿ ನಿದ್ದೆ. ಚಿಕ್ಕಣ್ಣನನ್ನು ಮಲಗಿಸುವುದು ಅಪ್ಪ ಅಮ್ಮನಿಂದಲೂ ಆಗುತ್ತಿರಲಿಲ್ಲ. ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ಅವನನ್ನು ಅಜ್ಜಿಯ ಕೋಣೆಗೆ ತಂದು ಕೊಡುತ್ತಿದ್ದರು. "ಪಿನ್ನು, ಸೂಜಿ ಬಿದ್ದಿರ್ತವೆ, ಯಾರೂ ಒಳಗೆ ಬರಬೇಡಿ" ಎಂದು ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹತ್ತು ನಿಮಿಷಕ್ಕೆ ಅಳು ನಿಲ್ಲುತ್ತಿತ್ತು.

ಒಳಗೆ ನಡೆಯುತ್ತಿದ್ದುದು ಇಷ್ಟೇ. ಮೆಷಿನ್ ಪಕ್ಕದಲ್ಲಿ ಚೂರುಬಟ್ಟೆಯ ಬುಟ್ಟಿಯೊಂದಿತ್ತು. ಅಳುವ ಕೂಸನ್ನು ಅದರಲ್ಲಿ ಮಲಗಿಸಿ ಅವಳು ಮೆಷಿನ್ ತುಳಿಯುತ್ತಿದ್ದಳು. ಸದ್ದು ಶುರುವಾದರೆ, ನೆಲ ಸಣ್ಣಗೆ ನಡುಗಿದರೆ, ಅವನ ಕಣ್ಣು ತಾನಾಗಿ ಕೂಡುತ್ತಿತ್ತು. ಹೊರಗೆ ಮೆಷಿನ್ ಸದ್ದು ಕೇಳಿದವರು, ಮಗುವನ್ನು ಮಲಗಿಸಿ ಆಮೇಲೆ ಕೆಲಸಕ್ಕೆ ಕೂತಿದ್ದಾಳೆ ಎಂದುಕೊಂಡರು. "ಅಮ್ಮನ ಕೈಗುಣ" ಎಂದಳು ಮಗಳು. ಅಜ್ಜಿ ತಿದ್ದಲಿಲ್ಲ.

ಆ ಭಾನುವಾರ ಸುಣ್ಣದ ಕೋಣೆಯಲ್ಲಿ ದೊಡ್ಡಣ್ಣ ಮಲಗಿದ, ಪುಟ್ಟಿಯೂ ಮಲಗಿದಳು. ಚಿಕ್ಕಣ್ಣ ಶುರು ಮಾಡಿದ. ಹೆಡ್‌ಮೇಡಂ ಎತ್ತಿಕೊಂಡು ಓಡಾಡಿದರು. ಗೆರೆ ದಾಟಬಾರದೆಂಬ ನಿಯಮ ಅವರದೇ, ಹಾಗಾಗಿ ಒಂಬತ್ತು ಅಡಿಗೊಮ್ಮೆ ತಿರುಗುತ್ತಿದ್ದರು. ಹಾಡಿದರು. ಬೆನ್ನು ತಟ್ಟಿದರು. "ಏನೋ ರಾಜ, ನನ್ನ ಮುಖ ನೋಡೋ" ಎಂದರು. ಮಗು ಮುಖ ನೋಡಿತು, ನೋಡಿ ಇನ್ನೂ ಜೋರಾಗಿ ಕಿರುಚಿತು.

ಅಜ್ಜಿ ಕೋಣೆಯಲ್ಲಿ ಮೆಷಿನ್ ಮುಂದೆ ಕೂತಿದ್ದಳು. ಕಾಲು ಪೆಡಲ್ ಮೇಲಿತ್ತು. ಒಮ್ಮೆ ತುಳಿದಿದ್ದರೆ ಆ ಸದ್ದು ಹಾಲ್‌ಗೆ ಕೇಳುತ್ತಿತ್ತು. ತುಳಿಯಲಿಲ್ಲ. ಅಳು ಕೇಳಿದಷ್ಟೂ ಒಂದು ಬಗೆಯ ತಂಪಾಗುತ್ತಿತ್ತು. ಕೂಸು ಅಳುವಾಗ ತನಗೆ ಹೀಗಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಆದರೂ ಕಾಲು ಅಲ್ಲಾಡಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಮಗಳು ಎತ್ತಿಕೊಂಡು ಬಂದಳು. "ಅಮ್ಮ, ನೀನೇ ನೋಡು. ಅತ್ತೆ ಕೈ ಚೆಲ್ಲಿ ಕೂತ್ರು."

ಬಾಗಿಲು ಮುಚ್ಚಿತು. ಹತ್ತು ನಿಮಿಷ. ಅಜ್ಜಿ ನಿದ್ದೆಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಾಗ ಹೆಡ್‌ಮೇಡಂ ತಮ್ಮ ಸುಣ್ಣದ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಕೂದಲು ಕೆದರಿತ್ತು. ಕೈಯಲ್ಲಿದ್ದ ಪಟ್ಟಿಯ ಕಾಗದವನ್ನು ನಾಲ್ಕಾಗಿ ಮಡಚಿದರು.

"ಸರಿ ಹಾಗಾದ್ರೆ. ನಾಲ್ಕನೇ ಮಂಚ ನಿಮ್ದು, ಬೀಗತಿಯವರೇ. ತಂಗಿಗೆ ನಾನು ಹೇಳ್ಕೋತೀನಿ. ಬುಧವಾರ ಹೆಸರು ಬರೆಸ್ಬೇಕು, ಒಂದು ಫೋಟೊ ತೆಗೆಸಿಡಿ."

"ಅಯ್ಯೋ, ನಾನ್ಯಾಕೆ? ಅವರು ಆಸೆ ಇಟ್ಕೊಂಡಿರ್ತಾರೆ," ಎಂದಳು ಅಜ್ಜಿ. ಬಾಯಿ ಅಂದದ್ದು ಅದು. ಅಂದು ಸಂಜೆಯೇ ಹೋಗಿ ಫೋಟೊ ತೆಗೆಸಿಕೊಂಡು ಬಂದಳು.

ಸೋಮವಾರ ಬೆಳಗ್ಗೆ ಹಲ್ಲುಜ್ಜುವಾಗ ಅವಳಿಗೆ ಹೊಳೆಯಿತು: ಹಡಗಿನಲ್ಲಿ ಮೆಷಿನ್ ಇರುವುದಿಲ್ಲ. ಹಾಕಿಕೊಳ್ಳಲು ಬೇರೆ ಬಾಗಿಲೂ ಇರುವುದಿಲ್ಲ. ಹದಿನೆಂಟಕ್ಕೆ ಒಂಬತ್ತರ ಕೋಣೆಯಲ್ಲಿ ಬೀಗತಿಯ ಕಣ್ಣೆದುರು ಕೈಗುಣ ತೋರಿಸಬೇಕು.

ಅಂದು ಮಧ್ಯಾಹ್ನ ಚಿಕ್ಕಣ್ಣನನ್ನು ಬುಟ್ಟಿಗೆ ಹಾಕದೆ ಎದೆಗೆ ಒರಗಿಸಿಕೊಂಡಳು. ಮೂವರು ಮಕ್ಕಳನ್ನು ಸಾಕಿದ ಕೈ. ಗೊತ್ತಿದ್ದ ಲಾಲಿಯನ್ನೆಲ್ಲ ಹಾಡಿದಳು. ಮಗು ಅವಳ ಮುಖ ನೋಡಲಿಲ್ಲ. ಅವಳ ಹೆಗಲ ಮೇಲಿಂದ ಮೆಷಿನ್ನಿನ ಚಕ್ರವನ್ನೇ ನೋಡುತ್ತ, ಅದರ ಕಡೆಗೆ ಕೈಚಾಚಿ ಅಳುತ್ತಿತ್ತು. ಹೊರಗಿನವರಿಗೆ ಕೇಳಿಸುವ ಮುಂಚೆ ಬುಟ್ಟಿಗೆ ಹಾಕಿ ತುಳಿದಳು. ಸಂಜೆಯೂ ಅಷ್ಟೇ. ಮಂಗಳವಾರ ಮಧ್ಯಾಹ್ನವೂ ಅಷ್ಟೇ. ನಲವತ್ತು ವರ್ಷ ಅನ್ನ ಹಾಕಿದ ಆ ಮೆಷಿನ್ ಕಂಡರೆ ಅವಳಿಗೆ ಈಗ ಮೈ ಉರಿಯುತ್ತಿತ್ತು. ಎಣ್ಣೆ ಬಿಡುವ ದಿನವಾಗಿತ್ತು, ಬಿಡಲಿಲ್ಲ.

ಮಂಗಳವಾರ ಸಂಜೆ ಹೆಡ್‌ಮೇಡಂ ಫೋಟೊ ಕೇಳಿಕೊಂಡು ಬಂದರು. ಮಗಳೂ ಅಳಿಯನೂ ಇನ್ನಿಬ್ಬರು ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದರು. ಚಿಕ್ಕಣ್ಣ ಚಾಪೆಯ ಮೇಲೆ ಕಣ್ಣುಜ್ಜುತ್ತ ಕೊಸರಾಡುತ್ತಿದ್ದ. ಹೆಡ್‌ಮೇಡಂ ಹೊಸಿಲಲ್ಲೇ ನಿಂತರು.

"ಬರಬಹುದಾ? ಪಿನ್ನು, ಸೂಜಿ..."

"ಬನ್ನಿ, ಬನ್ನಿ."

ಅವರು ಬಂದು ಇಸ್ತ್ರಿ ಮೇಜಿಗೆ ಒರಗಿ ನಿಂತರು. ಆಮೇಲೆ, ಎಲ್ಲೋ ನೋಡುತ್ತ, "ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು," ಎಂದರು.

ಅಜ್ಜಿಯ ಕೈಯಲ್ಲಿದ್ದ ಫೋಟೊದ ಲಕೋಟೆ ಅಲ್ಲೇ ನಿಂತಿತು. "ನನ್ನನ್ನ ಕಂಡ್ರಾ?"

"ಮತ್ತೆ? ಮೂವತ್ತೈದು ವರ್ಷ ಕಂಡವರ ಮಕ್ಕಳ ಮೂಗು ಒರೆಸಿದೆ. ಒಂದು ಸಲ ಗದರಿದ್ರೆ ಐನೂರು ಮಕ್ಕಳು ಸುಮ್ಮನಾಗ್ತಿದ್ವು. ಸ್ವಂತ ಮೊಮ್ಮಗ, ಹತ್ತು ತಿಂಗಳ ಹುಳ, ನನ್ನ ಕೈಗೆ ಬಂದ್ರೆ ಮೈಮೇಲೆ ಹಾವು ಬಿದ್ದ ಹಾಗೆ ಕಿರುಚ್ತಾನೆ. ಭಾನುವಾರ ಮನೆಗೆ ಹೋಗಿ ಅತ್ತುಬಿಟ್ಟೆ ನಾನು. ಯಾರ ಹತ್ರಾನೂ ಹೇಳ್ಬೇಡಿ."

ಹೆಡ್‌ಮೇಡಂ ಅಳುವುದನ್ನು ಅಜ್ಜಿಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಹದಿನೈದು ದಿನದಿಂದ ತನ್ನ ಹೊಟ್ಟೆಯೊಳಗೆ ಇದ್ದದ್ದೇ ಎದುರಿಗಿರುವವರ ಬಾಯಲ್ಲಿ ಬಂದಿತ್ತು. ಅದನ್ನು ಕೇಳಿ ಸುಖವಾಗಬೇಕಿತ್ತು, ಆಗಲಿಲ್ಲ. ಅವಳು ಲಕೋಟೆಯನ್ನು ಮೆಷಿನ್ ಮೇಲಿಟ್ಟಳು. ಸ್ಟೂಲನ್ನು ಹಿಂದಕ್ಕೆ ಎಳೆದಳು.

"ಇಲ್ಲಿ ಕೂತ್ಕೊಳ್ಳಿ."

"ನಾನಾ? ನಂಗೆ ಗುಂಡಿ ಹಾಕೋಕೂ ಬರಲ್ಲ."

"ಹೊಲಿಯೋದೇನೂ ಬೇಡ. ಕಾಲು ಇಡಿ, ತುಳೀರಿ." ಅಜ್ಜಿ ಚಿಕ್ಕಣ್ಣನನ್ನು ಎತ್ತಿ ಚೂರುಬಟ್ಟೆಯ ಬುಟ್ಟಿಯಲ್ಲಿ ಮಲಗಿಸಿ, ತಾನು ಗೋಡೆಯ ಬಳಿ ಹೋಗಿ ನಿಂತಳು. "ಹಿಂದಕ್ಕೆ ತುಳೀಬೇಡಿ, ದಾರ ತಿನ್ನುತ್ತೆ. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಹಾಂ, ಹಾಗೆ."

ಮೊದಲು ತಡವರಿಸಿದ ಚಕ್ರ ಆಮೇಲೆ ಹಿಡಿತಕ್ಕೆ ಬಂತು. ಬುಟ್ಟಿಯೊಳಗಿನ ಕೊಸರಾಟ ನಿಂತಿತು. ಮಗು ಕೆಂಪು ಬಟ್ಟೆಯ ಚೂರೊಂದನ್ನು ಹಿಡಿದು, ಮುಖಕ್ಕೆ ಒತ್ತಿಕೊಂಡು, ಎರಡು ಸಲ ನಿಟ್ಟುಸಿರಿಟ್ಟು ಮಲಗಿತು. ಹೆಡ್‌ಮೇಡಂ ತುಳಿಯುತ್ತಲೇ ಬುಟ್ಟಿಯನ್ನು ನೋಡಿದರು, ಅಜ್ಜಿಯನ್ನು ನೋಡಿದರು.

"ಇಷ್ಟೇನಾ?"

"ಇಷ್ಟೇ."

"ಎಲಾ ಕಳ್ಳ!" ಎಂದರು ಹೆಡ್‌ಮೇಡಂ. ಯಾರಿಗೆ ಅಂದರೋ, ಮಗುವಿಗೋ ಅಜ್ಜಿಗೋ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಸದ್ದಾಗದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಈ ಸದ್ದನ್ನ ಫೋನಲ್ಲಿ ಹಿಡಿದುಕೊಂಡು ಹೋದ್ರೆ?"

"ಮಲಗಬಹುದು."

"ನೆಲ ನಡುಗೋದು?"

"ಹಡಗು ತಾನೇ ನಡುಗುತ್ತೆ ಬಿಡಿ. ಅದರ ಹೊಟ್ಟೇಲೂ ಮೆಷಿನ್ನೇ ಅಲ್ವಾ?"

ಹೆಡ್‌ಮೇಡಂ ಅವಳ ಎರಡೂ ಕೈ ಹಿಡಿದು ಒತ್ತಿದರು. ಎದೆಯ ಮೇಲಿನ ಕಲ್ಲು ಇಳಿಸಿಕೊಂಡವರ ಹಾಗೆ ಬೇಗಬೇಗ ಹೆಜ್ಜೆ ಹಾಕಿಕೊಂಡು ಹೋದರು. ಲಕೋಟೆ ಮೆಷಿನ್ ಮೇಲೇ ಉಳಿಯಿತು. ಮರೆತಿರಬೇಕು ಎಂದುಕೊಂಡಳು ಅಜ್ಜಿ. ಬುಧವಾರ ಮಧ್ಯಾಹ್ನದವರೆಗೂ ಹಾಗೆಯೇ ಅಂದುಕೊಂಡಳು.

ಬುಧವಾರ ಸಂಜೆ ಮಗಳು ಬಟ್ಟೆ ಮಡಚುತ್ತ ಹೇಳಿದಳು. "ಅಮ್ಮ, ಅತ್ತೆ ಅವರ ತಂಗಿ ಹೆಸರನ್ನೇ ಬರೆಸಿದ್ರಂತೆ. ಚಿಕ್ಕತ್ತೆ ಮೊದಲೇ ಬಟ್ಟೆಬರೆ ಎಲ್ಲ ಜೋಡಿಸಿಟ್ಟಿದ್ರಂತೆ. ಹೇಗೂ ಈಗ ಸದ್ದೊಂದಿದ್ರೆ ಸಾಕಲ್ಲ." ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು. "ಇಷ್ಟು ದಿನ ನಮಗ್ಯಾಕೆ ಹೇಳಲಿಲ್ಲ ನೀನು?"

"ನೀವು ಕೇಳಲಿಲ್ಲ."

"ಮುಂದಿನ ಸಲ ನೀನೂ ಬಾ ಅಮ್ಮ."

"ಬರ್ತೀನಿ ಬಿಡು. ಹಡಗು ಎಲ್ಲಿಗೆ ಹೋಗುತ್ತೆ," ಎಂದಳು ಅಜ್ಜಿ.

ಹಾಲ್‌ನ ಗೆರೆಗಳನ್ನು ಅಳಿಸಲು ಪುಟ್ಟಿ ಬಿಡಲಿಲ್ಲ. ಸೋಫಾ ಗೋಡೆಯ ಬಳಿಯೇ ಉಳಿಯಿತು. ಇನ್ನೂ ಒಂದು ವಾರ ದಿನಾ ಅಲ್ಲಿಂದ ಪುಟ್ಟಿಯ ಹಡಗು ಹೊರಟಿತು, ದಿನಾ ತಿಂಡಿಯ ಹೊತ್ತಿಗೆ ಬಂದು ಸೇರಿತು. ಅಷ್ಟರಲ್ಲಿ ಅಜ್ಜಿ ಮೂರು ಟೋಪಿಗಳಿಗೆ ಲಾಡಿ ಹಚ್ಚಿದಳು, ಮೆಷಿನ್ನಿಗೆ ಎಣ್ಣೆ ಬಿಟ್ಟಳು.

ಹೊರಡುವ ಹಿಂದಿನ ದಿನ ಮಗಳು ಫೋನನ್ನು ಮೆಷಿನ್ ಪಕ್ಕ ನಿಲ್ಲಿಸಿ, "ಅರ್ಧ ಗಂಟೆ, ಮಾತಾಡ್ಬೇಡ," ಎಂದಳು. ಅಜ್ಜಿ ಪುಟ್ಟಿಯ ಸೊಂಟದ ಪಟ್ಟಿಗೆ ಎರಡನೇ ಸಾಲು ಹೊಲಿಗೆ ಹಾಕುತ್ತ ತುಳಿದಳು. ನಡುವೆ ಎಲ್ಲೋ ಒಮ್ಮೆ ಕೆಮ್ಮಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ.

"ಅಯ್ಯೋ ಅಮ್ಮ, ಕೆಮ್ಮು ಸೇರ್ಕೊಂಡಿದೆ. ಅಳಿಸಿ ಇನ್ನೊಂದ್ಸಲ ಮಾಡೋಣ್ವಾ?"

"ದಾರ ಮುಗೀತು," ಎಂದಳು ಅಜ್ಜಿ.

ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದ ಹನ್ನೆರಡು ದಾರದ ಉರುಳೆಗಳ ಕಡೆ ಮಗಳು ಒಮ್ಮೆ ನೋಡಿದಳು. ಫೋನ್ ಎತ್ತಿಕೊಂಡು ಹೋದಳು.

ಮರುದಿನ ಬೆಳಗ್ಗೆ ಏಳಕ್ಕೆ ವ್ಯಾನು ಬಂತು. ಮೊದಲು ಚೀಲಗಳು, ಆಮೇಲೆ ಅಳಿಯ, ಮಗಳು, ಒಬ್ಬೊಬ್ಬರ ತೊಡೆಯ ಮೇಲೆ ಒಬ್ಬೊಬ್ಬನಂತೆ ದೊಡ್ಡಣ್ಣ ಚಿಕ್ಕಣ್ಣ, ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡ ಪುಟ್ಟಿ, ಪಟ್ಟಿಯ ತುದಿ ಹಿಡಿದ ಹೆಡ್‌ಮೇಡಂ, ಕೊನೆಗೆ ಹೊಸ ಟೋಪಿ ಹಾಕಿಕೊಂಡ ಅವರ ತಂಗಿ. ಪುಟ್ಟಿ ಗಾಜಿನಿಂದ ಕೈಬೀಸಿದಳು. ವ್ಯಾನು ತಿರುಗಿದ ಮೇಲೆ ಅಜ್ಜಿ ಒಳಗೆ ಬಂದು ಬಕೆಟ್ಟಿಗೆ ನೀರು ತುಂಬಿ ಹಾಲ್ ಒರೆಸಿದಳು. ಬಾಗಿಲು ಹೋಯಿತು, ಬಚ್ಚಲು ಹೋಯಿತು, ತೊಟ್ಟಿಲುಗಳು ಹೋದವು. ಏಳು ಜನ ಹೋದದ್ದು ಗುರುವಾರ. ಎರಡು ಸಲ ಒತ್ತಿ ಎಳೆದಿದ್ದ ನಾಲ್ಕನೇ ಮಂಚದ ಗೆರೆ ಶುಕ್ರವಾರವೂ ನೆಲದ ಮೇಲೆ ಕಾಣುತ್ತಿತ್ತು.