ಹಿಡೀತಾ?

ಸತ್ತವರು ಮನೆ ಬಿಟ್ಟು ಹೋಗದಿದ್ದರೆ ಇದ್ದವರು ಏನು ಮಾಡಬೇಕು? ದೊಡ್ಡ ಟೈಲರಿಗೆ ಹೊಳೆದದ್ದು ಒಂದೇ ದಾರಿ: ಸತ್ತವಳ ಗಿಡಗಳನ್ನೆಲ್ಲ ಮಾರಿಬಿಡುವುದು.

ಬೀದಿಯವರ ಬಾಯಲ್ಲಿ ಅಕ್ಕ ದೊಡ್ಡ ಟೈಲರ್, ತಂಗಿ ಚಿಕ್ಕ ಟೈಲರ್. ಇಬ್ಬರೂ ಮದುವೆಯಾದವರಲ್ಲ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ತಾರಸಿ. ಅಕ್ಕ ಬಟ್ಟೆ ಕತ್ತರಿಸಿ ಕೊಡುವವಳು, ತಂಗಿ ಹೊಲಿಯುವವಳು. ತಂಗಿಗೆ ಗಿಡದ ಹುಚ್ಚು. ಹುಚ್ಚು ಅಂದರೆ ಎಂಥದ್ದು ಅಂತೀರಿ! ಅಳತೆ ಕೊಡಲು ಬಂದವರನ್ನು ಮನೆಯಲ್ಲಿ ಏನು ಗಿಡ ಇದೆ ಅಂತ ಕೇಳಿ ತಿಳಿದು, ಮರುದಿನ ಕತ್ತರಿ ಸಮೇತ ಅವರ ಬಾಗಿಲಲ್ಲಿ ಹಾಜರು. ಒಂದು ಕಡ್ಡಿ ಕತ್ತರಿಸಿ ತಂದು ತಾರಸಿಯ ಕುಂಡದಲ್ಲಿ ಊರದಿದ್ದರೆ ಅವಳಿಗೆ ನಿದ್ದೆಯಿಲ್ಲ.

ಕುಂಡಕ್ಕೆ ಅವಳು ಹೆಸರಿನ ಚೀಟಿ ಹಚ್ಚಿದವಳಲ್ಲ. ಗಿಡ ಕೊಟ್ಟವರ ಬಟ್ಟೆ ಹೊಲಿದು ಉಳಿದ ಚೂರೊಂದನ್ನು ಕುಂಡದ ಕೊರಳಿಗೆ ಕಟ್ಟುತ್ತಿದ್ದಳು. ಬಿಳಿ ಚೂರು ಅಂದರೆ ನರ್ಸಮ್ಮನ ಗುಲಾಬಿ, ಖಾಕಿ ಅಂದರೆ ಕಂಡಕ್ಟರನ ದಾಸವಾಳ. ಬೀದಿಯ ಬಟ್ಟೆಯೆಲ್ಲ ಇವರ ಕತ್ತರಿಯ ಕೆಳಗೇ ಹಾದುಹೋಗಿದ್ದರಿಂದ ಚೂರಿಗೇನೂ ಕೊರತೆಯಿರಲಿಲ್ಲ. ನೆಟ್ಟ ಕಡ್ಡಿಯನ್ನು ಕೆಲವು ವಾರದ ಮೇಲೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡುವಳು. ಕಿತ್ತು ಕೈಗೆ ಬಂದರೆ ಬೇರಿಲ್ಲ. ಎಳೆದರೂ ಬಾರದೆ ನಿಂತರೆ ಹಿಡಿಯಿತು ಅಂತ ಲೆಕ್ಕ. ತನ್ನಿಂದ ಗಿಡ ಒಯ್ದವರು ಎದುರು ಸಿಕ್ಕರೆ ಊಟ ಆಯಿತಾ ಅಂತಲೂ ಕೇಳಳು. ಮೊದಲ ಮಾತೇ, "ಹಿಡೀತಾ?"

ನಿವೃತ್ತಿಯಾದರೂ ಬೀದಿಗೆಲ್ಲ ಕಂಡಕ್ಟರನಾಗೇ ಉಳಿದ ಮನುಷ್ಯ ಇದಕ್ಕೆ ತಮಾಷೆ ಮಾಡುತ್ತಿದ್ದ. ಗಿಡ ಹಿಡಿಯೋದಕ್ಕೂ ದೆವ್ವ ಹಿಡಿಯೋದಕ್ಕೂ ಮಾತು ಒಂದೇ ನೋಡಮ್ಮ, ನೀನು ಯಾವುದನ್ನು ಕೇಳುತ್ತಿದ್ದೀ ಅಂತ ಸ್ವಲ್ಪ ಬಿಡಿಸಿ ಹೇಳು, ಅನ್ನುವನು. ಆಗ ಎಲ್ಲರೂ ನಕ್ಕಿದ್ದರು. ಅಕ್ಕನೂ ನಕ್ಕಿದ್ದಳು.

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಒಂದು ಸಲ ಕೋಟುಗಳ ದೊಡ್ಡ ಕೆಲಸ ಬಂದಿದ್ದಾಗ ಅವಳ ಅಳತೆ ಟೇಪು ಕಾಣೆಯಾಯಿತು. ಹಳದಿ ಟೇಪು, ತುದಿಗೆ ಹಿತ್ತಾಳೆಯ ತಗಡು, ವರ್ಷಗಟ್ಟಲೆ ಅವಳ ಕೊರಳಲ್ಲೇ ಇದ್ದದ್ದು. ಅಂಗಡಿ ತಲೆಕೆಳಗು ಮಾಡಿ ಹುಡುಕಿದ ಮೇಲೆ ತಂಗಿ ತಣ್ಣಗೆ, ನಾನೇ ತಗೊಂಡೆ, ಬೇಕಿತ್ತು ಅಂದಳು. ಯಾಕೆ ಅಂತ ಹೇಳಲಿಲ್ಲ. ಮುಖದಲ್ಲಿ ಕಳ್ಳನಗೆ ಬೇರೆ. ಅಕ್ಕನ ಪಿತ್ತ ನೆತ್ತಿಗೇರಿತು. "ನನ್ನದು ಅನ್ನೋದು ಒಂದು ಚೂರೂ ನಿನ್ನ ಹತ್ತಿರ ಇರಬಾರದು, ತಿಳೀತಾ?" ಅಂದಳು.

ಅದೇ ಕೊನೆ. ಆಮೇಲೆ ಇಬ್ಬರಿಗೂ ಮಾತಿಲ್ಲ. ಒಂದೇ ಒಲೆ, ಒಂದೇ ದೀಪ, ಮಾತು ಮಾತ್ರ ಗಿರಾಕಿಗಳ ಮೂಲಕ. ದಾರ ಮುಗಿದಿದೆ ಅಂತ ಅವಳಿಗೆ ಹೇಳಿ ಸ್ವಾಮಿ, ಅಂತ ಇವಳು. ತಂದಾಗಿದೆ ಅಂತ ಇವಳಿಗೆ ಹೇಳಿ, ಅಂತ ಅವಳು. ಮೊದಲಿನಿಂದಲೂ ಇದ್ದ ಚಾಳಿಯಂತೆ, ಸಿಟ್ಟು ಉಕ್ಕಿದಾಗ ಅಕ್ಕ ತರಕಾರಿ ಸಿಪ್ಪೆ, ಕೊಳೆತ ಟೊಮೆಟೊ, ಕುಂಬಳದ ತಿರುಳು ಎಲ್ಲವನ್ನೂ ಹಿತ್ತಲ ಬಾಗಿಲಿನಿಂದ ರಪ್ಪನೆ ಎಸೆಯುವಳು, ತಂಗಿಗೆ ಕೇಳಲಿ ಅಂತಲೇ. ಹೀಗಿರುವಾಗ ತಂಗಿಗೆ ಜ್ವರ ಬಂತು, ಜ್ವರ ಎದೆಗಿಳಿಯಿತು, ಆಸ್ಪತ್ರೆಗೆ ಸೇರಿಸಿದರು. ನಾಳೆ ಹೋಗಿ ಮಾತಾಡಿಸಿದರಾಯಿತು ಅಂತ ಅಕ್ಕ ಅಂಗಡಿಯಲ್ಲಿ ಕೋಟಿನ ತೋಳು ಕತ್ತರಿಸುತ್ತ ನಿಂತಿದ್ದಾಗಲೇ ತಂಗಿ ಹೋಗಿಬಿಟ್ಟಳು. ಕೊನೆಗೆ ಏನಾದರೂ ಅಂದಳಾ ಅಂತ ಕೇಳಿದ್ದಕ್ಕೆ ನರ್ಸಮ್ಮ, ಹಿಡೀತಾ ಅಂತ ಕೇಳಿದಳು, ಯಾವ ಗಿಡದ ವಿಷಯವೋ ಗೊತ್ತಾಗಲಿಲ್ಲ ಅಂದಳು.

ಕಾಟ ಶುರುವಾದದ್ದು ಆಮೇಲೆ. ತಾರಸಿಗೆ ನೀರು ಹಾಕಿದಾಗ ಅಂಗಡಿಯ ಮುಂದಿನ ತಗಡಿನ ಮೇಲೆ ಟಪ್ ಟಪ್ ಅಂತ ಹನಿ ಬೀಳುವುದು ಮೊದಲಿನಿಂದಲೂ ಇತ್ತು. ತಂಗಿ ಮಣ್ಣಾದ ಮೇಲೂ ಬೆಳಿಗ್ಗೆ ಬೆಳಿಗ್ಗೆ ಹನಿ ಬೀಳುತ್ತಿತ್ತು. ಮಳೆಯಿಲ್ಲ, ಮೇಲೆ ಹತ್ತಿದವರಿಲ್ಲ. ಅಕ್ಕ ಏಣಿಮೆಟ್ಟಿಲ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಹಗಲು ಹೊತ್ತು, ತಂಗಿಯ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುವಾಗ, ಹಿಂದಿನಿಂದ ಯಾರೋ ಅವಳ ಅಂಗಿಯ ಅಂಚು ಹಿಡಿದು ಎಳೆಯುತ್ತಿದ್ದರು. ಜೋರಾಗಿ ಅಲ್ಲ, ಎರಡೇ ಬೆರಳಲ್ಲಿ, ಮೆಲ್ಲಗೆ. ಕಿವಿಯ ಹಿಂದೆ ಅದೇ ಮಾತು, "ಹಿಡೀತಾ?" ಅಕ್ಕ ಪ್ರತಿ ಸಲವೂ ಬೆಚ್ಚಿ ಎದ್ದು ನಿಲ್ಲುವಳು. ಸ್ಟೂಲು ಹಿಂದಕ್ಕೆ ಉರುಳುವುದು, ದಾರದುಂಡೆ ಬಾಗಿಲವರೆಗೂ ಓಡುವುದು. ಹಿಂದೆ ನೋಡಿದರೆ ಗೋಡೆ, ಗೋಡೆಗೆ ನೇತು ಹಾಕಿದ ಯಾರದ್ದೋ ಅರ್ಧ ಹೊಲಿದ ಅಂಗಿ.

ಇಂಥ ಹೊತ್ತಿನಲ್ಲಿ ಕಂಡಕ್ಟರ್ ಬಂದ. ಮುಚ್ಚಿಹೋದ ಲಾಂಡ್ರಿಯ ಹಿಂದಿನ ಬಯಲನ್ನು ಅಂಗಳವಿಲ್ಲದ ಮನೆಗಳವರು ಪಾತಿ ಪಾತಿಯಾಗಿ ಹಂಚಿಕೊಂಡು ಸೊಪ್ಪು ಬೆಳೆಯುತ್ತಿದ್ದರು. ಸುತ್ತ ಬೇಲಿ ಹಾಕಿಸಿ ನೀರಿನ ನಲ್ಲಿ ಎಳೆಸಿಕೊಂಡರೆ ಇರಿ, ಇಲ್ಲದಿದ್ದರೆ ಲಾರಿ ನಿಲ್ಲಿಸಲು ಕೊಟ್ಟುಬಿಡುತ್ತೇನೆ ಅಂತ ಜಾಗದ ಯಜಮಾನ ಹೇಳಿ ಕಳಿಸಿದ್ದ. ಅದಕ್ಕೆ ದುಡ್ಡು ಕೂಡಿಸಲು ಸಸಿ ಸಂತೆ. ಯೋಚನೆ ಹಾಕಿದ್ದೇ ಚಿಕ್ಕ ಟೈಲರ್, ಪಾಪ, ಅಂತ ಕಂಡಕ್ಟರ್ ತಲೆ ಕೆರೆದುಕೊಂಡ. ತಾರಸಿಯ ಮೇಲಿನ ಒಂದಿಷ್ಟು ಕುಂಡ ಕೊಟ್ಟರೆ ಉಪಕಾರವಾಗುತ್ತದೆ ಅಂದ.

"ಒಂದಿಷ್ಟು ಯಾಕೆ? ಎಲ್ಲಾ ತಗೊಂಡು ಹೋಗು. ಒಂದೂ ಬಿಡಬೇಡ," ಅಂದಳು ದೊಡ್ಡ ಟೈಲರ್.

ಕುಂಡಗಳು ಹೋದರೆ ತಂಗಿಯೂ ಹೋಗುತ್ತಾಳೆ. ಇದು ಅವಳ ಲೆಕ್ಕ. ಕಂಡಕ್ಟರ್ ಹೋಗುವ ಮುಂಚೆ ಸಂತೆಯ ನಿಯಮವನ್ನೂ ಹೇಳಿದ: ತಂದದ್ದು ತಂದದ್ದೇ, ಯಾರೂ ತಮ್ಮದನ್ನು ವಾಪಸ್ ಒಯ್ಯುವಂತಿಲ್ಲ. ಇಲ್ಲದಿದ್ದರೆ ಒಳ್ಳೆಯದನ್ನೆಲ್ಲ ಎತ್ತಿಟ್ಟುಕೊಂಡು ಒಣಕಲು ಮಾರುತ್ತಾರೆ, ನಮ್ಮ ಜನ ಗೊತ್ತಲ್ಲ! ನಾನ್ಯಾಕೆ ವಾಪಸ್ ತರಲಿ, ಅಂತ ಅವಳು ಮುಖ ತಿರುಗಿಸಿದಳು.

ಸಂತೆಯ ದಿನ ಲಾಂಡ್ರಿಯ ಅಂಗಳದಲ್ಲಿ ಇಸ್ತ್ರಿ ಮಾಡುವ ಉದ್ದನೆಯ ಮೇಜುಗಳನ್ನು ಸಾಲಾಗಿ ಹಾಕಿದ್ದರು. ಮರದ ಮೇಲೆ ಹಳೇ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತುಗಳು ಹಾಗೇ ಇದ್ದವು. ಕಂಡಕ್ಟರ್ ಬಾಗಿಲಲ್ಲಿ ನಿಂತು, ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ ಅಂತ ಜನರನ್ನು ತುಂಬುತ್ತಿದ್ದ. ದೊಡ್ಡ ಟೈಲರನ್ನು ಹೂವಿನ ಮೇಜಿಗೆ ಕೂರಿಸಿದರು.

ಕೂತವಳು ತಲೆಯೆತ್ತಿ ನೋಡಿದಳು. ಮೇಜಿನ ಮೇಲೆ ಇಡೀ ಬೀದಿ ನಿಂತಿತ್ತು, ಬದುಕಿದ್ದವರೂ ಹೋದವರೂ. ತಲೆ ಪೂರ್ತಿ ನರೆತಿದ್ದ ಮುದುಕಿಯ ಕಂದು ಕೋಟಿನ ಚೂರು, ಮಹಡಿಯಿಂದ ಬಿದ್ದು ಸತ್ತ ಪೇಂಟರನ ಪಟ್ಟೆ ಅಂಗಿ, ಹುಟ್ಟಿ ತಿಂಗಳಾಗುವ ಮುಂಚೆಯೇ ಹೋದ ಕೂಸಿಗೆಂದು ಹೊಲಿದ ಹಳದಿ ಫ್ಲಾನೆಲ್. ಎಲ್ಲಕ್ಕೂ ಹಸಿರು ಎಲೆ. ಎಲ್ಲದರ ಮಣ್ಣೂ ಒದ್ದೆ. ಸಲೂನಿನವನು ಬಂದು ಕಂದು ಚೂರನ್ನು ನೋಡಿ ನಿಂತುಬಿಟ್ಟ. ಅದು ಅವನ ತಾಯಿಯ ಕೋಟು. ಇದು ಯಾರದ್ದು ಅಂತ ಅವನು ಕೇಳಲೇ ಇಲ್ಲ. ಕುಂಡವನ್ನು ಎತ್ತಿ ಎದೆಗವಚಿಕೊಂಡು ಹೊರಟುಹೋದ.

ಒಂದೊಂದು ಕುಂಡ ಹೋದ ಹಾಗೂ ದೊಡ್ಡ ಟೈಲರಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಅವಳ ಕಣ್ಣು ಅವಳ ಮಾತು ಕೇಳದೆ ಏನನ್ನೋ ಹುಡುಕುತ್ತಿತ್ತು. ಜನ್ಮವೆಲ್ಲ ಅವಳು ತೊಟ್ಟದ್ದು ಒಂದೇ ಬೂದಿ ಬಣ್ಣದ ಬಟ್ಟೆ. ಆ ಬೂದಿ ಬಣ್ಣದ ಚೂರು ಒಂದು ಕುಂಡದಲ್ಲೂ ಇರಲಿಲ್ಲ. ಬೀದಿಯ ನಾಯಿಗೆ ಬಿಸ್ಕತ್ತು ಹಾಕುವವನ ಬಟ್ಟೆ ಇದೆ, ಒಡಹುಟ್ಟಿದವಳದ್ದಿಲ್ಲ. ಇರಬಾರದು ಅಂತ ಹೇಳಿದ್ದು ಯಾರು? ಹೇಳಿದ ಮಾತನ್ನು ತಂಗಿ ಅಕ್ಷರಕ್ಕೆ ಅಕ್ಷರ ನಡೆಸಿಕೊಟ್ಟಿದ್ದಳು.

ಅಷ್ಟರಲ್ಲಿ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬಳು ಮೆಣಸಿನ ಸಸಿಯೊಂದನ್ನು ಹಿಡಿದು ಬಂದಳು. ಅಂಗಳದ ಕೊನೆಯ ಮೇಜಿನಲ್ಲಿ ನರ್ಸಮ್ಮ ತರಕಾರಿ ಸಸಿ ಮಾರುತ್ತಿದ್ದಳು, ಅಲ್ಲಿಂದ ಕಳಿಸಿದ್ದಂತೆ.

"ಇದು ಯಾರದ್ದು? ಇದಕ್ಕೆ ಬಟ್ಟೆ ಕಟ್ಟಿಲ್ಲ, ಇದೇನೋ ಕಟ್ಟಿದಾರೆ. ನಿಮ್ಮನ್ನೇ ಕೇಳಬೇಕಂತೆ."

ಕುಂಡದ ಕೊರಳಿಗೆ ಹಳದಿ ಟೇಪಿನ ಒಂದು ತುಂಡು. ತುದಿಯಲ್ಲಿ ಹಿತ್ತಾಳೆಯ ತಗಡು.

ದೊಡ್ಡ ಟೈಲರ್ ಎದ್ದಳೋ ಓಡಿದಳೋ ಅವಳಿಗೇ ಗೊತ್ತಿಲ್ಲ. ಕೊನೆಯ ಮೇಜು ಬರಿದಾಗಿತ್ತು. ಇಂಥವು ಎಷ್ಟಿದ್ದವು ಅಂತ ಕೇಳಿದರೆ, ಮೇಜಿನ ತುಂಬ ಇದ್ದವು, ಎಲ್ಲ ಬೆಳಿಗ್ಗೆಯೇ ಹೋದವು ಅಂದಳು ನರ್ಸಮ್ಮ. ಟೊಮೆಟೊ, ಕುಂಬಳ, ಹಾಗಲ, ಮೆಣಸು. ಎಲ್ಲಕ್ಕೂ ಟೇಪಿನ ತುಂಡು. ಅಕ್ಕ ಬರಿದಾದ ಮೇಜಿನ ಕೆಳಗೂ ಬಗ್ಗಿ ನೋಡಿದಳು.

ನರ್ಸಮ್ಮ ಅವಳ ಮುಖ ನೋಡಿ ದನಿ ತಗ್ಗಿಸಿದಳು. "ನಿಂಗೆ ಗೊತ್ತಿರಲಿಲ್ವಾ? ನೀನು ಹಿತ್ತಲಿಗೆ ಎಸೀತಿದ್ದೆಯಲ್ಲ, ಅದರಲ್ಲಿ ಹುಟ್ಟಿದ್ದು ಇವೆಲ್ಲ. ಒಂದೊಂದೇ ಕಿತ್ತು ಕುಂಡಕ್ಕೆ ಹಾಕ್ತಿದ್ದಳು. ಬಟ್ಟೆ ಕಟ್ಟಲ್ವೇನೇ ಅಂದ್ರೆ, ಬಟ್ಟೆ ಎಲ್ಲರಿಗೂ ಕಟ್ತೀನಿ, ನಮ್ಮಕ್ಕ ಎಲ್ಲರಂಥವಳಾ ಅಂದಳು. ಅಕ್ಕನಿಗೆ ಕೊಡೋಕೆ ಬರಲ್ಲ, ಎಸೆಯೋಕೆ ಬರುತ್ತೆ, ನನಗೆ ಅಷ್ಟೇ ಸಾಕು ಅಂತ ನಗ್ತಿದ್ದಳು."

ಟೇಪು ಕಾಣೆಯಾದದ್ದು ಜಗಳಕ್ಕೆ ಮೊದಲು. ಅಂದರೆ ಆಗಲೇ ಕಟ್ಟಲು ಶುರು ಮಾಡಿದ್ದಳು. ಜಗಳದ ಮೇಲೂ ಕಟ್ಟುತ್ತಲೇ ಇದ್ದಳು. ಆ ಕಳ್ಳನಗೆ ಯಾಕೆ ಅಂತ ಈಗ ಗೊತ್ತಾಯಿತು. ಗೊತ್ತಾಗಿ ಏನು ಬಂತು? ಅಂಗಳದ ಬಾಗಿಲಾಚೆ ನೋಡಿದರೆ ಬೀದಿಯ ಉದ್ದಕ್ಕೂ ಜನ ಕುಂಡ ಹೊತ್ತು ನಡೆಯುತ್ತಿದ್ದರು, ತಂಗಿ ಚೂರುಚೂರಾಗಿ ಹತ್ತಾರು ಮನೆಗೆ ಹೊರಟಿದ್ದಳು. ಕಳಿಸಿದವಳು ತಾನೇ.

ಹೊಸ ಬಾಡಿಗೆಯವಳು ಹಿಂದೆಯೇ ಬಂದು ನಿಂತಿದ್ದಳು. ದೊಡ್ಡ ಟೈಲರ್ ಆ ಕುಂಡವನ್ನು ಕಸಿದುಕೊಂಡು ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಇದೊಂದನ್ನು ಕೊಡಲಾರೆ. ನಿಯಮವಂತೆ ನಿಯಮ, ಕಂಡಕ್ಟರ್ ಬರಲಿ, ಅವನ ಸೀಟಿ ಕಿತ್ತು ಬಿಸಾಡುತ್ತೇನೆ. ಎದುರಿನ ಹೆಂಗಸಿಗೆ ತಲೆಬುಡ ಗೊತ್ತಿಲ್ಲ. ಪಾಪ, ಬೀದಿಗೆ ಹೊಸಬಳು, ಯಾರ ಮನೆಯ ಕಡ್ಡಿಯೂ ಅವಳಲ್ಲಿಲ್ಲ.

"ಯಾರದ್ದು ಅಂತ ಹೇಳಲೇ ಇಲ್ಲ," ಅಂದಳು ಅವಳು.

"ನಂದು."

"ಹೌದಾ. ಕೊಡ್ತೀರಾ?"

ಕೊಡ್ತೀರಾ ಅಂದಳು. ಮಾರ್ತೀರಾ ಅನ್ನಲಿಲ್ಲ. ಅಕ್ಕನಿಗೆ ಕೊಡೋಕೆ ಬರಲ್ಲ. ದೊಡ್ಡ ಟೈಲರ್ ಹಿತ್ತಾಳೆಯ ತುದಿಯನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಕುಂಡವನ್ನು ಅವಳ ಕೈಗಿಟ್ಟಳು.

"ಕೊಟ್ಟೆ," ಅಂದಳು.

ಮಾರನೆಯ ಬೆಳಿಗ್ಗೆ ತಗಡಿನ ಮೇಲೆ ಹನಿ ಬೀಳಲಿಲ್ಲ. ತಂಗಿ ಹೋದ ಮೇಲೆ ಅವಳು ಮೊದಲ ಬಾರಿ ತಾರಸಿ ಹತ್ತಿದಳು. ನೆಲದ ತುಂಬ ಕುಂಡವಿದ್ದ ಕಡೆ ಒದ್ದೆಯ ದುಂಡು ಗುರುತುಗಳು, ಅವಳು ನೋಡುತ್ತಿದ್ದ ಹಾಗೇ ಬಿಸಿಲಿಗೆ ಆರಿಹೋದವು. ಕೆಳಗಿಳಿದು ಮಿಷನ್ನಿನ ಮುಂದೆ ಕೂತಳು. ಅಂಗಿಯ ಅಂಚನ್ನು ಸ್ಟೂಲಿನ ಹಿಂದಕ್ಕೆ ಚೆನ್ನಾಗಿ ಹರಡಿ, ಕೈಗೆ ಸಿಗುವ ಹಾಗೆ ಇಳಿಬಿಟ್ಟಳು. ಸೂಜಿಗೆ ದಾರ ಪೋಣಿಸಿದಳು, ಬಿಚ್ಚಿದಳು, ಮತ್ತೆ ಪೋಣಿಸಿದಳು. ಯಾರೂ ಎಳೆಯಲಿಲ್ಲ. "ಬಾರೇ," ಅಂದಳು ಗೋಡೆಗೆ. ಅವಳು ಕೇಳಿಕೊಂಡದ್ದೇ ಆಗಿತ್ತು, ಮನೆ ಖಾಲಿಯಾಗಿತ್ತು. ಆ ದಿನ ಅವಳು ಅತ್ತಳು, ಆಸ್ಪತ್ರೆಯಿಂದ ಹೆಣ ತಂದಾಗಲೂ ಅತ್ತಿರದಷ್ಟು.

ಕೆಲವು ವಾರ ಹೀಗೇ ಕಳೆಯಿತು. ಬಯಲಿನ ಸುತ್ತ ಬೇಲಿ ಎದ್ದಿತು, ನಲ್ಲಿ ಬಂತು. ಒಂದು ಸಂಜೆ ದೊಡ್ಡ ಟೈಲರ್ ಅಂಗಡಿ ಮುಚ್ಚಿ ಬೀದಿಗಿಳಿದಳು. ಕಂಡಕ್ಟರನ ಬಾಗಿಲು ಅರೆ ತೆರೆದಿತ್ತು. ಹೊಸ್ತಿಲ ಹೊರಗೇ ನಿಂತು, ಹಿಡೀತಾ ಅಂತ ಕೇಳಿದಳು. ಒಳಗೆ ಏನೋ ಬಿದ್ದು ಒಡೆದ ಸದ್ದಾಯಿತು. ಕಂಡಕ್ಟರ್ ಬಾಗಿಲಿಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಇವಳನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡ. ನೀನಾ, ಅಂದ, ದನಿ ಥೇಟು ಅವಳದ್ದೇ ಬಂತಲ್ಲ ಮಾರಾಯ್ತಿ. ಅವನು ತಮಾಷೆ ಮಾಡಲಿಲ್ಲ. ಟೊಮೆಟೊ ಹೂ ಬಿಟ್ಟಿದೆ ಅಂದ, ಕರೆದೊಯ್ದು ತೋರಿಸಿದ.

ಹಾಗೇ ಮನೆಯಿಂದ ಮನೆಗೆ ಹೋದಳು. ಬಾಗಿಲು ತೆರೆದವರೆಲ್ಲ ಮೊದಲು ಬೆಚ್ಚುವರು. ಕೊನೆಗೆ ಹೊಸ ಬಾಡಿಗೆಯವಳ ಮನೆ. ಚಿಕ್ಕ ಟೈಲರಿನ ದನಿ ಅವಳಿಗೆ ಗೊತ್ತಿರಲಿಲ್ಲವಾಗಿ ಅವಳೊಬ್ಬಳು ಹೆದರಲಿಲ್ಲ.

"ಹಿಡೀತಾ?"

"ಗೊತ್ತಿಲ್ಲಪ್ಪ. ಕುಂಡದಿಂದ ತೆಗೆದು ನೆಲಕ್ಕೆ ಹಾಕಿದೀನಿ. ನೀವೇ ನೋಡಿ."

ಕಿಟಕಿಯ ಕೆಳಗಿನ ಅಂಗೈಯಗಲದ ಮಣ್ಣಿನಲ್ಲಿ ಮೆಣಸಿನ ಸಸಿ ನಿಂತಿತ್ತು, ಪಕ್ಕದ ಕೋಲಿಗೆ ಟೇಪಿನ ತುಂಡು ಕಟ್ಟಿತ್ತು. ದೊಡ್ಡ ಟೈಲರ್ ಕುಕ್ಕರಗಾಲಲ್ಲಿ ಕೂತಳು. ಎರಡು ಬೆರಳಲ್ಲಿ ಕಾಂಡ ಹಿಡಿದು ಮೆಲ್ಲಗೆ ಎಳೆದಳು. ಸಸಿ ಬರಲಿಲ್ಲ.

ಆಗ ಹಿಂದಿನಿಂದ ಅವಳ ಅಂಗಿಯ ಅಂಚನ್ನು ಯಾರೋ ಎಳೆದರು. ಮೆಲ್ಲಗೆ, ಎರಡೇ ಬೆರಳಲ್ಲಿ. ಮನೆಯಾಕೆ ಎದುರಿಗೇ ನಿಂತಿದ್ದಳು, ಹಿಂದೆ ಯಾರೂ ಇರಲು ಸಾಧ್ಯವಿರಲಿಲ್ಲ. ದೊಡ್ಡ ಟೈಲರ್ ಈ ಸಲ ಬೆಚ್ಚಲಿಲ್ಲ, ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. ಪಾದ ಊರಿ ಕೂತಲ್ಲೇ ಗಟ್ಟಿಯಾಗಿ ಕೂತಳು. ಇನ್ನೊಮ್ಮೆ ಎಳೆದರು. ಅವಳು ಅಲುಗಲಿಲ್ಲ.

"ಹಿಡೀತು ಕಣೇ," ಅಂದಳು.

ಗಿಡದ ಜೊತೆ ಮಾತಾಡುತ್ತಿದ್ದಾಳೆ ಅಂದುಕೊಂಡು ಮನೆಯಾಕೆ ನೀರು ತರಲು ಒಳಗೆ ಹೋದಳು.